ಮೀಟರ್ ಹಾಳಾದ್ರೆ ಆಗ್ಲಿ ಅಂತ ಕೈಗೆ ಕೊಟ್ಟೆ

ನಾನು ಶಿರಾ ಕಡೆ ಒಂದು ಕನ್ನಡ ಮೀಡಿಯಂ ಹೈಸ್ಕೂಲಲ್ಲಿ ಸೈನ್ಸು ಮ್ಯಾಥ್ಸು ಮೇಷ್ಟ್ರು. ಎರಡು ವರ್ಷದ ಹಿಂದೆ ಹತ್ತನೇ ಕ್ಲಾಸಿನವರಿಗೆ, ಪಿಯುಸಿಲಿ ಸೈನ್ಸ್ ತಗೋತೀರಾ, ಇಲ್ಲಾಂದ್ರೆ ಯಾಕೆ ಬೇಡ, ಹೆಸರು ಹಾಕದೆ ಚೀಟಿಲಿ ಬರೀರಿ ಅಂದೆ. ಸುಮಾರು ಚೀಟಿಲಿ ಇದ್ದಿದ್ದು "ಇಷ್ಟ ಇಲ್ಲ" ಅಂತಲ್ಲ, "ನನ್ ಕೈಲಿ ಆಗಲ್ಲ" ಅಂತ. ಹೆಸರಿಲ್ದಿದ್ರೂ ಅಕ್ಷರ ನೋಡಿದ್ರೆ ಗೊತ್ತಾಗುತ್ತಲ್ಲ, ಮ್ಯಾಥ್ಸಲ್ಲಿ 80ಕ್ಕೆ 70ರ ಮೇಲೆ ತೆಗೆಯೋ ಹುಡುಗಿನೂ ಹಂಗೇ ಬರೆದಿದ್ಲು, 40 ದಾಟದ ಹುಡುಗ ಮಾತ್ರ ಇಂಜಿನಿಯರ್ ಆಗ್ತೀನಿ ಅಂತ ದಪ್ಪಕ್ಷರದಲ್ಲಿ ಬರೆದಿದ್ದ.

ಆ ಹುಡುಗಿ ತೋಟದಲ್ಲಿ ಬೋರ್‌ವೆಲ್ ಇದೆ. ತ್ರೀ ಫೇಸ್ ಬಂದಾಗ ಮೋಟ್ರು ಆನ್ ಮಾಡೋದು ಅವ್ಳೇ, ಸ್ಟಾರ್ಟರ್ ಎತ್ತದಿದ್ರೆ ಯಾವ ಫೇಸ್ ಹೋಗಿದೆ ಅಂತ ನೋಡೋದೂ ಅವ್ಳೇ. ವಿದ್ಯುತ್ ಪಾಠ ಅಂದ್ರೆ ಮಾತ್ರ ಬೆವರು.

"ಆಗುತ್ತಮ್ಮ, ನೀನು ಜಾಣೆ" ಅಂತ ಎಷ್ಟ್ ಹೇಳಿದ್ರೂ ತಲೆ ತಗ್ಗಿಸ್ತಿದ್ಲು. ಬಿ.ಎಡ್‌ನಲ್ಲಿ ಬಂಡೂರಾ ಅಂತ ಒಬ್ಬ ಮನಃಶಾಸ್ತ್ರಜ್ಞರ ಬಗ್ಗೆ ಓದಿದ್ವಿ, 1977ರಲ್ಲೇ ಬರೆದಿದ್ದಾರೆ, ನನ್ ಕೈಲಾಗುತ್ತೆ ಅನ್ನೋ ನಂಬಿಕೆ ಜಾಸ್ತಿ ಬರೋದು ತಾನೇ ಮಾಡಿ ಗೆದ್ದಾಗ, ಬೇರೆಯವರು ಹುರಿದುಂಬಿಸೋದು ಅದರ ಮುಂದೆ ಕಮ್ಮಿನೇ ಅಂತ. ಪರೀಕ್ಷೆಗೆ ಬರೆದು ಮರೆತಿದ್ದೆ. ನಾನು ಮಾಡ್ತಿದ್ದಿದ್ದು ಅದರ ಉಲ್ಟಾ, ಮಕ್ಕಳು ವೈರ್ ಹಿಡ್ಕೊಂಡು ತಡಬಡಾಯಿಸಿದ ತಕ್ಷಣ "ಕೊಡಿಲ್ಲಿ" ಅಂತ ಕಿತ್ಕೊಂಡು ನಾನೇ ಮಾಡೋದು, ಯಾಕಂದ್ರೆ ಮೀಟರ್ ಹಾಳಾದ್ರೆ ಸ್ಟಾಕ್ ರಿಜಿಸ್ಟರಿಗೆ ಉತ್ತರ ಕೊಡೋನು ನಾನಲ್ವಾ.

ಆ ಸಲ ಓಮನ ನಿಯಮದ ಪ್ರಯೋಗಕ್ಕೆ (ವೋಲ್ಟೇಜ್ ಎಷ್ಟು ಪಟ್ಟು ಏರುತ್ತೋ ಕರೆಂಟೂ ಅಷ್ಟೇ ಪಟ್ಟು ಏರುತ್ತೆ, ಗ್ರಾಫ್ ನೇರ ಗೆರೆ ಬರ್ಬೇಕು) ಎರಡೂ ಕೈ ಹಿಂದಕ್ಕೆ ಕಟ್ಕೊಂಡು ನಿಂತೆ. ಅವ್ಳು ಕರೆಂಟ್ ಅಳೆಯೋ ಅಮ್ಮೀಟರಿಗೆ ಪ್ಲಸ್ ಮೈನಸ್ ಉಲ್ಟಾ ಕೊಟ್ಲು, ಮುಳ್ಳು ಸೊನ್ನೆಯಿಂದ ಹಿಂದಕ್ಕೆ ಬಡೀತು, "ಸಾರ್, ಸುಟ್ಟೋಯ್ತು!" ಸುಟ್ಟಿಲ್ಲ, ನೀನೇ ನೋಡು ಅಂದೆ. ಹತ್ತು ನಿಮಿಷ ಆಯ್ತು, ಸರಿ ಮಾಡಿದ್ಲು. ಒಂದರಿಂದ ನಾಲ್ಕು ಸೆಲ್ ಹಾಕಿ ರೀಡಿಂಗ್ ತಗೊಂಡು ಗ್ರಾಫ್ ಎಳೆದ್ರೆ ಮೂರು ಚುಕ್ಕೆ ಗೆರೆ ಮೇಲೆ, ನಾಲ್ಕನೇದು ಕೆಳಗೆ. ರಬ್ಬರ್ ತಗೊಂಡ್ಲು. ಅಳಿಸ್ಬೇಡ, ಯಾಕೆ ಹಿಂಗಾಯ್ತು ಹೇಳು ಅಂದೆ. ಸುಮಾರು ಹೊತ್ತು ವೈರ್ ತುದಿ ತಿರುಗಿಸಿ ನೋಡಿ, "ಸ್ಟಾರ್ಟರಲ್ಲಿ ಕಾಂಟ್ಯಾಕ್ಟ್ ಕಪ್ಪಾದಂಗಾ ಸಾರ್?" ಅಂದ್ಲು. ತುದಿ ಉಜ್ಜಿ ಮತ್ತೆ ಹಾಕಿದ್ಲು, ಚುಕ್ಕೆ ಗೆರೆಗೆ ಬಂತು. ಅವತ್ತಿಂದ ಪಾಠದ ಮಧ್ಯೆ ಪ್ರಶ್ನೆ ಕೇಳೋಕೆ ಶುರು ಮಾಡಿದ್ಲು.

ಮುಂದೆ ಸೈನ್ಸ್ ಇಂಗ್ಲಿಷಲ್ಲಿ ಓದ್ಬೇಕಲ್ಲ ಅನ್ನೋ ಭಯ ಬೇರೇನೇ. ವೇಗೋತ್ಕರ್ಷ ಗೊತ್ತಿರೋ ಮಗು ಆಕ್ಸಿಲರೇಶನ್ ಅಂದ್ರೆ ಹೊಸ ಪಾಠ ಅಂದ್ಕೊಳ್ಳುತ್ತೆ, ಅದಕ್ಕೆ ಗೋಡೆ ಮೇಲೆ ಎರಡೂ ಪದ ಬರೆಸಿದೆ. ನಮ್ಮಲ್ಲೇ ಓದಿ ಡಿಪ್ಲೊಮಾ ಸೇರಿದ್ದ ಹುಡುಗಿ ಒಬ್ಳನ್ನ ಕರೆಸಿದೆ. ಮೊದಲ ಸೆಮ್ ಮ್ಯಾಥ್ಸ್ ಫೇಲಾಗಿ ಆಮೇಲೆ ಪಾಸ್ ಮಾಡ್ಕೊಂಡೆ ಅಂತ ಅವ್ಳು ಹೇಳಿದ್ದು ನನ್ನ ಹತ್ತು ಭಾಷಣಕ್ಕಿಂತ ಜಾಸ್ತಿ ತಾಗ್ತು.

ಬೋರ್‌ವೆಲ್ ಹುಡುಗಿ ಈಗ ಡಿಪ್ಲೊಮಾ ಎಲೆಕ್ಟ್ರಿಕಲ್. ಅವ್ಳ ಜೊತೆಗೆ ಪ್ರಯೋಗ ಮಾಡಿದ ಇನ್ನೊಬ್ಳಿಗೂ ಧೈರ್ಯ ಬಂದಿತ್ತು, ಆದ್ರೆ ಸೈನ್ಸ್ ಇರೋ ಕಾಲೇಜು ದೂರ, ಸಂಜೆ ಬಸ್ಸಿಲ್ಲ, ಹಾಸ್ಟೆಲ್ ಸಿಗ್ಲಿಲ್ಲ, ಹತ್ರದಲ್ಲೇ ಆರ್ಟ್ಸ್ ಸೇರಿದ್ಲು. ಈ ವರ್ಷ ಹಾಸ್ಟೆಲ್ ವಿಚಾರ ಪರೀಕ್ಷೆಗೆ ಮೊದಲೇ ಕೇಳೋಕೆ ಶುರು ಮಾಡಿದೀನಿ.