7 ಮಶೀನು, 61 ಜನ

ಬೆಳಗ್ಗೆ 6ರ ಶಿಫ್ಟ್‌ಗೆ ಯಾರಾದರೂ ಬರಲಿಲ್ಲ ಅಂದ್ರೆ ಅವರ ಮನೆಗೆ ಫೋನ್ ಮಾಡಲು ನನಗೆ ಕೈಯೇ ಬರುವುದಿಲ್ಲ. ಮಧ್ಯಾಹ್ನದೊಳಗೆ ಬೇರೆ ಯಾರೋ ನನಗೇ ಫೋನ್ ಮಾಡುತ್ತಾರೆ. "ಮೇಡಂ, ಒಂದು ಜಾಗ ಖಾಲಿ ಆಯ್ತಂತಲ್ಲ?" ಸಾವಿನ ಸುದ್ದಿ ನನಗಿಂತ ಮೊದಲು ಕಾಯುವವರಿಗೆ ಮುಟ್ಟಿರುತ್ತದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ.

ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಟ್ರಸ್ಟ್ ಸೆಂಟರಿನಲ್ಲಿ ನಾನು ಡಯಾಲಿಸಿಸ್ ಟೆಕ್ನಿಷಿಯನ್. ಶಿಫ್ಟ್ ಚಾರ್ಟ್ ಬರೆಯುವುದೂ ನನ್ನದೇ ಕೆಲಸ. ಮಶೀನು 9. ಒಂದು ಹೆಪಟೈಟಿಸ್ ಬಿ ಇರುವವರಿಗೆ, ಒಂದು ಯಾವುದಾದರೂ ಕೆಟ್ಟರೆ ಇರಲಿ ಅಂತ. ಉಳಿದದ್ದು 7. ದಿನಕ್ಕೆ 3 ಶಿಫ್ಟ್, ವಾರಕ್ಕೆ 6 ದಿನ, ಒಟ್ಟು 126 ಸರದಿ. ಒಬ್ಬರಿಗೆ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ. ಅಲ್ಲಿಗೆ 42 ಜನ. ಕಾಯುತ್ತಿದ್ದವರು 19.

ಕಾಯುವವರ ಹೆಸರಿಗೆ ಒಂದು ನೋಟ್‌ಬುಕ್ ಇತ್ತು. ಮೊದಲು ಬರೆಸಿದವರಿಗೆ ಮೊದಲು. ನ್ಯಾಯವೇ ಅನ್ನಿಸುತ್ತೆ ಅಲ್ವಾ? ಅಫಜಲಪುರ ಕಡೆಯ ಒಬ್ಬ ಅಕ್ಕ ಬರುವವರೆಗೆ ನನಗೂ ಹಾಗೇ ಅನ್ನಿಸಿತ್ತು. ಕಟ್ಟಡ ಕೆಲಸದವರು. ಎರಡು ವರ್ಷ ದೂರದ ದೊಡ್ಡಾಸ್ಪತ್ರೆಯಲ್ಲಿ ಸಿಕ್ಕಾಗ ಸಿಕ್ಕಷ್ಟು ಡಯಾಲಿಸಿಸ್ ಮಾಡಿಸಿಕೊಂಡಿದ್ದರು. ನಮ್ಮ ಸೆಂಟರ್ ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ನೋಟ್‌ಬುಕ್‌ನಲ್ಲಿ 17ನೆಯವರು. ಅವರಿಗಿಂತ ಎಷ್ಟೋ ಮೇಲೆ, ಇನ್ನೂ ಡಯಾಲಿಸಿಸ್ ಶುರುವೇ ಆಗದ ಒಬ್ಬರ ಹೆಸರಿತ್ತು. ಯಾವುದಕ್ಕೂ ಇರಲಿ ಅಂತ ಮಗ ಮುಂಚೆಯೇ ಬರೆಸಿಟ್ಟಿದ್ದ. "ನಮ್ಮ ಪಾಳಿ ಯಾವಾಗ ಬರತೈತ್ರೀ ಅಕ್ಕಾರ?" ಅಂತ ಆಕೆ ಕೇಳಿದಾಗ ನಾನು ಸುಮ್ನೆ ಪುಟ ತಿರುವಿದೆ.

ಮುಂಬಯಿಯಲ್ಲಿ ಮೃತರು ದಾನ ಮಾಡಿದ ಕಿಡ್ನಿಗಳ ಹಂಚಿಕೆ ನೋಡಿಕೊಳ್ಳುವುದು ಜೆಡ್‌ಟಿಸಿಸಿ, ಅಂದರೆ ವಲಯದ ಅಂಗಾಂಗ ಕಸಿ ಸಮನ್ವಯ ಕೇಂದ್ರ. ಅಲ್ಲಿ ಡಯಾಲಿಸಿಸ್‌ನಲ್ಲಿ ಎಷ್ಟು ಕಾಲ ಇದ್ದಾರೆ ಅನ್ನುವುದಕ್ಕೂ ಅಂಕ ಇದೆ. ಅದನ್ನೇ ನಾವೂ ಹಿಡಿದುಕೊಂಡೆವು. ಲೆಕ್ಕ ಹೆಸರು ಬರೆಸಿದ ದಿನದಿಂದಲ್ಲ, ಮೊದಲ ಡಯಾಲಿಸಿಸ್ ಆದ ದಿನದಿಂದ. ಆಸ್ಪತ್ರೆಯ ಕಾಗದ ತೋರಿಸಿದರೆ ಸಾಕು, ಮಹಾರಾಷ್ಟ್ರದ ರೇಷನ್ ಕಾರ್ಡ್ ಬೇಕಿಲ್ಲ. ಅಕ್ಕ 17ರಿಂದ 2ಕ್ಕೆ ಬಂದರು.

ಟ್ರಸ್ಟಿನ ಸಭೆಯಲ್ಲಿ ಒಬ್ಬರು ಹೇಳಿದರು, "ದುಡಿಯುವವರಿಗೆ ಮೊದಲು ಕೊಡಿ, ಒಂದು ಮನೆ ಉಳಿಯುತ್ತೆ." ಆಗ ನಮ್ಮ ಕಿಡ್ನಿ ಡಾಕ್ಟರು ಅಮೆರಿಕದ ಸಿಯಾಟಲ್ ಊರಿನ ಕಥೆ ತೆಗೆದರು. 1960ರ ದಶಕದ ಶುರುವಿನಲ್ಲಿ ಅಲ್ಲಿ ಯಾರಿಗೆ ಡಯಾಲಿಸಿಸ್ ಅಂತ 7 ಜನರ ಸಮಿತಿ ಆರಿಸುತ್ತಿತ್ತು. ನೌಕರಿ ಏನು, ಮಕ್ಕಳೆಷ್ಟು, ಚರ್ಚಿಗೆ ಹೋಗುತ್ತಾರಾ, ಎಲ್ಲ ತೂಗಿ ನೋಡುತ್ತಿದ್ದರು. 1962ರಲ್ಲಿ ಲೈಫ್ ಪತ್ರಿಕೆ ಇದನ್ನು ಬರೆದಾಗ ದೊಡ್ಡ ಚರ್ಚೆಯೇ ಎದ್ದಿತಂತೆ. ನಮ್ಮ ಸಭೆಯಲ್ಲಿ ಆ ಮಾತು ಅಲ್ಲಿಗೇ ನಿಂತಿತು. ಮನೆಯಲ್ಲಿ ಬೇಯಿಸಿ ಬಡಿಸುವವಳು ದುಡಿಯುವುದಿಲ್ವಾ ಅಂತ ಕೇಳಬೇಕು ಅಂದುಕೊಂಡಿದ್ದೆ. ಕೇಳಲಿಲ್ಲ.

ಇನ್ನೊಬ್ಬರ ಲೆಕ್ಕ ನೋಡಲು ಬಲು ಚೆಂದ ಇತ್ತು. ಎಲ್ಲರಿಗೂ ವಾರಕ್ಕೆ 2 ಸಲ ಕೊಟ್ಟರೆ 63 ಜನ ಹಿಡಿಸುತ್ತಾರೆ. ನಮ್ಮಲ್ಲಿರುವುದು 61. ಎಲ್ಲರಿಗೂ ಸಮಪಾಲು! ಡಾಕ್ಟರು ಒಪ್ಪಲಿಲ್ಲ. ಮೂತ್ರವೇ ಬರದವರಿಗೆ 2 ಸಲ ಸಾಲದು. ನೀರು ತುಂಬುತ್ತೆ, ಪೊಟ್ಯಾಸಿಯಂ ಏರುತ್ತೆ. 3 ಸಲ ಬರುವವರಿಗೇ ಭಾನುವಾರ ಸೇರಿದ ಆ ಉದ್ದದ ಬಿಡುವು ಅಪಾಯದ್ದು. ಆದರೆ ಸ್ವಂತ ಕಿಡ್ನಿ ಇನ್ನೂ ಸ್ವಲ್ಪ ಕೆಲಸ ಮಾಡುತ್ತಿರುವವರು 2 ಸಲದಲ್ಲಿ ನಡೆಸಬಹುದು.

ಹಾಗಾಗಿ ಎಲ್ಲರ ಕೈಗೂ ಒಂದೊಂದು ಕ್ಯಾನ್ ಕೊಟ್ಟೆವು, 24 ಗಂಟೆಯ ಮೂತ್ರ ಹಿಡಿದು ತನ್ನಿ ಅಂತ. ಹೇಳುವುದು ಸುಲಭ. ಒಂದೇ ಖೋಲಿಯಲ್ಲಿ 8 ಜನ ಇರುವ ಹೋಟೆಲ್ ಹುಡುಗ ಅದನ್ನು ಎಲ್ಲಿಡಬೇಕು? ಲೋಕಲ್ ರೈಲಿನಲ್ಲಿ ಹೇಗೆ ತರಬೇಕು? ಮೂರನೇ ಸರದಿ ಹೋಗುತ್ತದೆಂಬ ಹೆದರಿಕೆಗೆ ಅರ್ಧ ಚೆಲ್ಲಿ ಬಂದವರೂ ಇದ್ದರು. ಬೈಯಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಚೆಲ್ಲುತ್ತಿದ್ದೆ. ಕಡಿಮೆಯಾಗಿಸಿದ್ದು ಶಾಶ್ವತ ಅಲ್ಲ, ಎರಡು ತಿಂಗಳಿಗೊಮ್ಮೆ ಪರೀಕ್ಷೆ ಮಾಡುತ್ತೇವೆ, ಬೇಕಾದರೆ ಮೂರನೆಯದು ವಾಪಸ್ ಅಂತ ಬರೆದುಕೊಟ್ಟ ಮೇಲೆ 11 ಜನ ಒಪ್ಪಿದರು. 11 ಸರದಿ ಬಿಡುವಾಯಿತು. ಮೂವರಿಗೆ ಮೂರು ಮೂರು, ಇನ್ನೊಬ್ಬರಿಗೆ ಎರಡು. ನಾಲ್ಕೇ ಜನ ಒಳಗೆ ಬಂದದ್ದು. ಅಕ್ಕ ಅವರಲ್ಲಿ ಒಬ್ಬರು, ರಾತ್ರಿ ಶಿಫ್ಟ್.

ಒಂದು ಹಳೆಯ ತಪ್ಪನ್ನೂ ಆ ಸಭೆಯಲ್ಲೇ ಹೇಳಿಬಿಟ್ಟೆ. ಅಮ್ಮ ಉಡುಪಿಯಿಂದ ಫೋನ್ ಮಾಡಿದರು ಅಂತ, ನಮ್ಮೂರಿನ ಒಬ್ಬ ಅಡುಗೆಯವರಿಗೆ ಯಾರಿಗೂ ಹೇಳದೆ ಶಿಫ್ಟ್ ಕೊಟ್ಟಿದ್ದೆ. ಒಂದೇ ವಾರ ಅಂದುಕೊಂಡಿದ್ದೆ. ಮೂರು ತಿಂಗಳಾಗಿತ್ತು. ಅವರನ್ನು ಎಬ್ಬಿಸಲಿಲ್ಲ. ಒಮ್ಮೆ ಕೊಟ್ಟ ಮಶೀನನ್ನು ಇನ್ನೊಬ್ಬರಿಗಾಗಿ ಕಿತ್ತುಕೊಳ್ಳಬಾರದು ಅಂತ ಎಲ್ಲರೂ ಒಪ್ಪಿದರು. ಆದರೆ ಅಂದಿನಿಂದ ಪಟ್ಟಿ ಗೋಡೆ ಮೇಲಿದೆ. ಹೆಸರಿಲ್ಲ, ನಂಬರ್ ಮಾತ್ರ. ಶಿಫ್ಟ್ ಕೊಡಲು ನನ್ನೊಬ್ಬಳ ಸಹಿ ಸಾಲದು, ಡಾಕ್ಟರದೂ ಬೇಕು.

ಮೊನ್ನೆ ಅಮ್ಮ ಮತ್ತೆ ಫೋನ್ ಮಾಡಿದ್ದರು. ಈ ಸಲ ದೂರದ ಸಂಬಂಧದ ಮಾವನಿಗೆ. "ಎಲ್ಲ ನಿನ್ನ ಕೈಯಲ್ಲೇ ಉಂಟಲ್ಲ ಮಗಾ?"

"ಅವರದು 6ನೇ ನಂಬರ್ ಅಮ್ಮ."

"ಹಾಗಾದ್ರೆ ಆ ಐದು ಜನಕ್ಕೆ ಜಾಗ ಯಾವಾಗ ಆಗ್ತದೆ?"

ಇಲ್ಲಿ ಜಾಗ ಹೇಗೆ ಖಾಲಿ ಆಗುತ್ತದೆ ಅಂತ ಅಮ್ಮನಿಗೆ ನಾನು ಇನ್ನೂ ಹೇಳಿಲ್ಲ.