ಇಂಗ್ಲಿಷ್ ಪದ ಒಂದನ್ನೇ ಕಲೀಬೇಡಿ, ಅದರ ಜೊತೆಗೆ ಬರೋದನ್ನೂ ಕಲೀರಿ

ಟೆನ್ಸ್ ಎಲ್ಲಾ ಬಾಯಿಪಾಠ ಇರುತ್ತೆ, ಪದಗಳೂ ಬೇಕಾದಷ್ಟು ಗೊತ್ತಿರುತ್ತೆ, ಆದ್ರೂ ಒಂದು ಮೇಲ್ ಬರೆಯೋಕೆ ಕೂತ್ರೆ ತಡವರಿಸೋರು ತುಂಬಾ ಜನ. ನನ್ ಪ್ರಕಾರ ಎಡವೋದು ಒಂದೇ ಕಡೆ, ಪದ ಗೊತ್ತು ಆದ್ರೆ ಅದಾದ್ಮೇಲೆ ಏನು ಬರ್ಬೇಕು ಅನ್ನೋದು ಗೊತ್ತಿರಲ್ಲ.

ಡಿಸ್ಕಸ್ ತಗೊಳ್ಳಿ. ನಾವು 'ಪ್ಲಾನ್ ಬಗ್ಗೆ ಮಾತಾಡೋಣ' ಅಂತೀವಲ್ಲ, ಆ 'ಬಗ್ಗೆ'ನ ಹಾಗೇ ಎತ್ಕೊಂಡು ಹೋಗಿ 'ಲೆಟ್ಸ್ ಡಿಸ್ಕಸ್ ಅಬೌಟ್ ದ ಪ್ಲಾನ್' ಅಂದ್ಬಿಡ್ತೀವಿ. 'ಲೆಟ್ಸ್ ಡಿಸ್ಕಸ್ ದ ಪ್ಲಾನ್' ಅಂದ್ರೆ ಸಾಕು. ಆದ್ರೆ ಅದನ್ನೇ ನೌನ್ ಮಾಡಿದ್ರೆ ಅಬೌಟ್ ಥರದ್ದೊಂದು ಪದ ಬೇಕು, 'ವಿ ಹ್ಯಾಡ್ ಎ ಡಿಸ್ಕಷನ್ ಅಬೌಟ್ ದ ಪ್ಲಾನ್'. ರಿಕ್ವೆಸ್ಟ್ ಕೂಡ ಹೀಗೇ, ವರ್ಬ್ ಆದ್ರೆ 'ಐ ರಿಕ್ವೆಸ್ಟೆಡ್ ಎ ರೀಫಂಡ್', ನೌನ್ ಆದ್ರೆ 'ಮೈ ರಿಕ್ವೆಸ್ಟ್ ಫಾರ್ ಎ ರೀಫಂಡ್'. ಎಂಫಸೈಜ್‌ಗೆ ಏನೂ ಬೇಡ, ಎಂಫಸಿಸ್‌ಗೆ ಆನ್ ಬೇಕು. ಹಾಗಂತ ವರ್ಬ್‌ಗೆ ಯಾವತ್ತೂ ಪ್ರಿಪೊಸಿಷನ್, ಅಂದ್ರೆ ಅಬೌಟ್, ಫಾರ್, ಆನ್ ಥರದ ಪದ, ಬರಲ್ಲ ಅಂತ ರೂಲ್ ಮಾಡ್ಕೋಬೇಡಿ, ಡಿಪೆಂಡ್‌ಗೆ ಆನ್ ಬೇಕು, ಲಿಸನ್‌ಗೆ ಟು ಬೇಕು. ಪದ ಪದಕ್ಕೂ ನೋಡ್ಕೊಂಡೇ ಕಲೀಬೇಕು.

ಎಕ್ಸ್‌ಪ್ಲೇನ್‌ದು ಇನ್ನೊಂದು ಥರ. 'ಟೆಲ್ ಮಿ' ಸರಿ, ಆದ್ರೆ 'ಎಕ್ಸ್‌ಪ್ಲೇನ್ ಮಿ' ತಪ್ಪು, 'ಎಕ್ಸ್‌ಪ್ಲೇನ್ ಇಟ್ ಟು ಮಿ' ಅನ್ಬೇಕು.

ಒಂದು ವರ್ಬ್ ಆದ್ಮೇಲೆ ಇನ್ನೊಂದು ವರ್ಬ್ ಬಂದಾಗ ಸ್ವಲ್ಪ ನಿಧಾನಿಸಿ. ಎಂಜಾಯ್, ಅವಾಯ್ಡ್, ಫಿನಿಶ್ ಆದ್ಮೇಲೆ ಇಂಗ್ ಫಾರ್ಮ್, 'ಐ ಎಂಜಾಯ್ ರೀಡಿಂಗ್'. ವಾಂಟ್, ಡಿಸೈಡ್, ಹೋಪ್ ಆದ್ಮೇಲೆ ಟು, 'ಐ ಡಿಸೈಡೆಡ್ ಟು ವೇಟ್'. ಕೆಲವು ವರ್ಬ್‌ಗೆ ಎರಡೂ ಬರುತ್ತೆ ಆದ್ರೆ ಅರ್ಥವೇ ಬದಲಾಗಿಬಿಡುತ್ತೆ, ಇದು ನಂಗೆ ತುಂಬಾ ಇಷ್ಟವಾದ ಭಾಗ. 'ಹಿ ಸ್ಟಾಪ್ಡ್ ಸ್ಮೋಕಿಂಗ್' ಅಂದ್ರೆ ಸಿಗರೇಟ್ ಬಿಟ್ಟ, 'ಹಿ ಸ್ಟಾಪ್ಡ್ ಟು ಸ್ಮೋಕ್' ಅಂದ್ರೆ ಮಾಡ್ತಿದ್ದ ಕೆಲಸ ನಿಲ್ಸಿ ಸಿಗರೇಟ್ ಸೇದೋಕೆ ಹೋದ. 'ರಿಮೆಂಬರ್ ಟು ಲಾಕ್ ದ ಡೋರ್' ಅಂದ್ರೆ ಮರೀದೆ ಬೀಗ ಹಾಕು ಅಂತ, 'ಐ ರಿಮೆಂಬರ್ ಲಾಕಿಂಗ್ ದ ಡೋರ್' ಅಂದ್ರೆ ಹಾಕಿದ್ದು ನೆನಪಿದೆ ಅಂತ. ಮೇಲ್‌ಗಳಲ್ಲಿ ದಿನಾ ಬರೋ 'ಲುಕಿಂಗ್ ಫಾರ್ವರ್ಡ್ ಟು' ಇದ್ಯಲ್ಲ, ಅಲ್ಲಿ ಟು ಇದ್ರೂ ಮುಂದೆ 'ಮೀಟಿಂಗ್ ಯು' ಅಂತಲೇ ಬರ್ಬೇಕು, ಯಾಕಂದ್ರೆ ಆ ಟು ಪ್ರಿಪೊಸಿಷನ್.

ನೌನ್‌ಗಳಲ್ಲಿ ಕೈಕೊಡೋದು ಎಣಿಸೋಕಾಗದೇ ಇರೋವು. ಅಡ್ವೈಸ್, ಇನ್‌ಫರ್ಮೇಷನ್, ಫರ್ನಿಚರ್, ಲಗೇಜ್, ಇವಕ್ಕೆ ಕೊನೇಲಿ ಎಸ್ ಹಾಕಂಗಿಲ್ಲ, ಹಿಂದೆ 'ಎ' ಅಥವಾ 'ಆ್ಯನ್' ಕೂಡ ಇಲ್ಲ, ಒಂದು ಅಂತ ಹೇಳ್ಲೇಬೇಕು ಅಂದ್ರೆ 'ಎ ಪೀಸ್ ಆಫ್ ಅಡ್ವೈಸ್'. ನ್ಯೂಸ್ ಕೊನೇಲಿ ಎಸ್ ಇದ್ರೂ 'ದ ನ್ಯೂಸ್ ಈಸ್', ಪೊಲೀಸ್‌ಗೆ ಎಸ್ ಇಲ್ದಿದ್ರೂ 'ದ ಪೊಲೀಸ್ ಆರ್'. ಟೀಮ್‌ಗೆ ಅಮೆರಿಕದೋರು ಸಾಮಾನ್ಯವಾಗಿ ಈಸ್ ಅಂತಾರೆ, ಬ್ರಿಟನ್‌ನಲ್ಲಿ ಆರ್ ಕೂಡ ನಡೆಯುತ್ತೆ.

ಇಷ್ಟನ್ನೂ ಕೂತು ಉರು ಹೊಡೀಬೇಡಿ. ಇಂಗ್ಲಿಷ್ ಕಲಿಯೋರಿಗಂತಲೇ ಮಾಡಿರೋ ಲರ್ನರ್ಸ್ ಡಿಕ್ಷನರಿ ಒಂದನ್ನ ಓಪನ್ ಮಾಡಿ, ನೌನ್ ಪಕ್ಕ ಸಾಮಾನ್ಯವಾಗಿ ಯು ಅಥವಾ ಸಿ ಅಂತ ಅಕ್ಷರ ಇರುತ್ತೆ, ಯು ಅಂದ್ರೆ ಎಣಿಸೋಕಾಗಲ್ಲ, ಸಿ ಅಂದ್ರೆ ಎಣಿಸಬಹುದು. ಅರ್ಥ ನೋಡಿ ಮುಚ್ಚಿಬಿಡಬೇಡಿ, ಕೆಳಗಿರೋ ಉದಾಹರಣೆ ವಾಕ್ಯ ಓದಿ, ನೋಟ್‌ಬುಕ್‌ನಲ್ಲಿ ಬರಿ 'ಅಪಾಲಜೈಸ್' ಅಂತ ಬರ್ಕೊಳ್ಳೋ ಬದ್ಲು 'ಅಪಾಲಜೈಸ್ಡ್ ಟು ಹರ್ ಫಾರ್ ಬೀಯಿಂಗ್ ಲೇಟ್' ಅಂತ ಪೂರ್ತಿ ಬರ್ಕೊಳ್ಳಿ, ಯಾರಿಗೆ ಅನ್ನೋಕೆ ಟು, ಯಾತಕ್ಕೆ ಅನ್ನೋಕೆ ಫಾರ್, ಫಾರ್ ಆದ್ಮೇಲೆ ಇಂಗ್, ಮೂರೂ ಒಟ್ಟಿಗೇ ತಲೆಗೆ ಹೋಗುತ್ತೆ.