ಪಿಸಿಓಎಸ್ ಉಂಟಾ? ಗಂಜಿ ಬಿಡ್ಬೇಡಿ, ಗಂಜಿಯ ಬಟ್ಲು ಸಣ್ಣ ಮಾಡಿ

ಪಿಸಿಓಎಸ್, ಅಂದ್ರೆ ಹೆಂಗಸ್ರಲ್ಲಿ ಹಾರ್ಮೋನ್ ಏರುಪೇರಾಗಿ ಮುಟ್ಟು ಹಿಂದೆ ಮುಂದೆ ಆಗುವ ತೊಂದ್ರೆ, ನನಗುಂಟು ಅಂತ ಗೊತ್ತಾದ ವಾರ ನಾನು ಮಾಡಿದ ಮೊದ್ಲ ಕೆಲ್ಸ ಗಂಜಿ ಬಿಟ್ಟದ್ದು. ಕಾಸರಗೋಡಿನಲ್ಲಿ ಹುಟ್ಟಿ ಕುಚ್ಚಲಕ್ಕಿ ಗಂಜಿ ಉಂಡೇ ದೊಡ್ಡ ಆದವ್ಳು ಯೂಟ್ಯೂಬ್ ನೋಡಿ ಓಟ್ಸ್, ಕಿನ್ವಾ ಅಂತ ಪೇಟೆಯಿಂದ ತಂದೆ, ಹನ್ನೊಂದು ದಿನ ನಡೀತು. ಹನ್ನೆರಡನೇ ದಿನ ಹೊರಗೆ ಧೋ ಅಂತ ಮಳೆ, ಅಮ್ಮ ಹಲಸಿನ ಹಪ್ಪಳ ಸುಟ್ಟು ಗಂಜಿ ಬಡಿಸಿದ್ರು, ನಾನು ಮೂರು ಬಟ್ಲು ಉಂಡೆ. ಡಯಟ್ ಅಲ್ಲಿಗೆ ಮುಗೀತು. ಹಾಗಾಗಿ ಮೊದ್ಲೇ ಹೇಳಿಬಿಡ್ತೇನೆ, ಮನೆಯಲ್ಲಿ ಬೇರೆ ಯಾರೂ ತಿನ್ನದ್ದನ್ನು ನೀವೊಬ್ರೇ ತಿಂದು ವರ್ಷಗಟ್ಲೆ ಇರ್ಲಿಕ್ಕೆ ಆಗುದಿಲ್ಲ, ಇದು ವರ್ಷಗಟ್ಲೆ ನೋಡಿಕೊಳ್ಬೇಕಾದ ವಿಷಯ.

ಸ್ಕ್ಯಾನ್ ರಿಪೋರ್ಟ್ ನೋಡಿ ಓವರಿಯಲ್ಲಿ (ಅಂಡಾಶಯದಲ್ಲಿ) ಗುಳ್ಳೆ ಅಂತ ಎಲ್ರೂ ಹೆದರುದು, ಆದ್ರೆ ಅದು ಪೂರ್ತಿ ಬೆಳೆಯದೆ ಅರ್ಧಕ್ಕೆ ನಿಂತ ಅಂಡದ ಕೋಶಗಳು ಅಷ್ಟೆ, ಆಪರೇಷನ್ ಮಾಡಿ ತೆಗೆಯುವಂಥದ್ದಲ್ಲ. ತುಂಬ ಜನರಲ್ಲಿ ಸಮಸ್ಯೆಯ ಮೂಲ ಇರುದು ಇನ್ಸುಲಿನ್‌ನಲ್ಲಿ, ಅಂದ್ರೆ ರಕ್ತದ ಸಕ್ಕರೆ ಹಿಡಿತದಲ್ಲಿಡುವ ಹಾರ್ಮೋನ್‌ನಲ್ಲಿ. ಇನ್ಸುಲಿನ್ ಹೇಳಿದ ಮಾತು ಮೈ ಸರಿಯಾಗಿ ಕೇಳುದಿಲ್ಲ, ಆಗ ಮೈ ಇನ್ನೂ ಜಾಸ್ತಿ ಇನ್ಸುಲಿನ್ ಬಿಡ್ತದೆ, ಆ ಜಾಸ್ತಿಯಾದ ಇನ್ಸುಲಿನ್ ಓವರಿಗೆ ಗಂಡು ಹಾರ್ಮೋನ್ ಹೆಚ್ಚು ಮಾಡು ಅಂತ ಕುಮ್ಮಕ್ಕು ಕೊಡ್ತದೆ, ಅದ್ರಿಂದ ಮುಟ್ಟು ಹಿಂದೆ ಮುಂದೆ, ಗಲ್ಲದಲ್ಲಿ ಕೂದ್ಲು, ಮೊಡವೆ. ಸಪೂರ ಇರುವವ್ರಿಗೂ ಇದು ಬರ್ತದೆ, ದಪ್ಪ ಇದ್ದವ್ರಿಗೆ ಮಾತ್ರ ಅಂತ ಇಲ್ಲ. ಊಟ, ವ್ಯಾಯಾಮ ಎರಡೂ ಕೆಲ್ಸ ಮಾಡುದು ಈ ಮೂಲದ ಮೇಲೆ. ತೂಕ ಜಾಸ್ತಿ ಇದ್ದವ್ರಿಗೆ ಇದ್ದ ತೂಕದಲ್ಲಿ 5ರಿಂದ 10 ಪರ್ಸೆಂಟ್ ಇಳಿದ್ರೂ ಮುಟ್ಟು ಸರಿದಾರಿಗೆ ಬರುವ ಸಾಧ್ಯತೆ ಹೆಚ್ಚು, ಅಂದ್ರೆ 70 ಕೆಜಿ ಇದ್ದವ್ರಿಗೆ ಮೂರೂವರೆಯಿಂದ ಏಳು ಕೆಜಿ.

ಈಗ ಗಂಜಿ. ಕುಚ್ಚಲಕ್ಕಿ ಬೆಳ್ತಿಗೆಗಿಂತ (ಬಿಳಿ ಅಕ್ಕಿಗಿಂತ) ವಾಸಿಯೇ, ತಪ್ಪು ಅದರದ್ದಲ್ಲ. ತಪ್ಪು ಇರುದು ದೊಡ್ಡ ಬಟ್ಲು ಗಂಜಿ, ಒಂದು ಚೂರು ಉಪ್ಪಿನಕಾಯಿ, ಕತೆ ಮುಗೀತು ಅಂತ ಉಣ್ಣುದ್ರಲ್ಲಿ. ಹೊಟ್ಟೆಗೆ ಹೋದದ್ದು ಬರೀ ಅಕ್ಕಿ. ತಟ್ಟೆಯನ್ನು ಮನಸ್ಸಿನಲ್ಲಿ ನಾಲ್ಕು ಪಾಲು ಮಾಡಿ, ಎರಡು ಪಾಲು ತರಕಾರಿ, ಒಂದು ಪಾಲು ಬೇಳೆಕಾಳು ಅಥ್ವಾ ಮೀನು ಮೊಟ್ಟೆ, ಉಳಿದ ಒಂದೇ ಪಾಲು ಅನ್ನ. ನಮ್ಮ ಹಿತ್ಲಲ್ಲಿ ತರಕಾರಿಗೆ ಎಂತ ಬರಗಾಲ ಮಾರಾಯ್ರೆ, ಬಸಳೆ, ಹರಿವೆ, ಅಲಸಂಡೆ, ತೊಂಡೆ, ಬಾಳೆದಂಡು, ಪೂಂಬೆ, ಗುಜ್ಜೆ ಪಲ್ಯ, ಎಲ್ಲಾ ಉಂಟು. ಪಲ್ಯವನ್ನು ಚಮಚದಲ್ಲಿ ಅಲ್ಲ, ಸೌಟಿನಲ್ಲಿ ಹಾಕಿಕೊಳ್ಳಿ. ಪಲ್ಯ, ಕಾಳು ಮೊದ್ಲು ತಿಂದು ಅನ್ನ ಕಡೆಗೆ ಉಂಡ್ರೆ ರಕ್ತದ ಸಕ್ಕರೆ ಅಷ್ಟು ಜೋರಾಗಿ ಏರುದಿಲ್ಲ, ಎಲ್ಲರೂ ನಗಾಡ್ತಾರೆ, ನಗಾಡ್ಲಿ.

ಪ್ರೋಟೀನ್ ಅಂದ ಕೂಡ್ಲೇ ಡಬ್ಬದ ಪೌಡರ್ ನೆನಪಾಗುದು ಬೇಡ. ಹುರುಳಿ ಉಂಟಲ್ಲ, 100 ಗ್ರಾಮ್ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಮ್ ಪ್ರೋಟೀನ್. ಹುರುಳಿ ಸಾರು ಮಾಡಿ ತಿಳಿ ಮಾತ್ರ ಕುಡಿದು ಕಾಳು ದನಕ್ಕೆ ಹಾಕುವ ಮನೆಗಳುಂಟು, ದನ ಆರೋಗ್ಯವಾಗಿರ್ತದೆ, ನೀವು ಅಲ್ಲ. ಕಾಳು ತಿನ್ನಿ. ಹೆಸರು ಮೊಳಕೆ ಬರಿಸಿ ಕೊದ್ದೆಲು, ಕಡ್ಲೆ ಸುಕ್ಕ, ತಿನ್ನುವವ್ರಿಗೆ ಬೂತಾಯಿ, ಬಂಗುಡೆ ಮೀನು ಇದ್ರೆ ಇನ್ನೂ ಒಳ್ಳೇದು, ಆದ್ರೆ ದಿನಾ ಎಣ್ಣೆಯಲ್ಲಿ ಹುರಿದದ್ದಲ್ಲ, ಹುಳಿ ಗಸಿ ಮಾಡಿ. ಬೆಳಿಗ್ಗೆ ನೀರ್‌ದೋಸೆ ಬೆಲ್ಲ ಕಾಯಿ ಜೊತೆ ಆರು ತಿನ್ನುವ ಬದ್ಲು ಎರಡು ಮೂರು ತಿಂದು ಪಕ್ಕದಲ್ಲಿ ಮೊಟ್ಟೆಯೋ ಕಡ್ಲೆ ಗಸಿಯೋ ಇಟ್ಟುಕೊಳ್ಳಿ. ಪುಟ್ಟು ತಿನ್ನುದಾದ್ರೆ ನಮ್ಮ ಮಲಯಾಳಿ ನೆರೆಯವ್ರ ಹಾಗೆ ಕಡಲೆ ಜೊತೆ ತಿನ್ನಿ, ಪುಟ್ಟು ಕಮ್ಮಿ ಕಡಲೆ ಜಾಸ್ತಿ, ಬಾಳೆಹಣ್ಣು ಸಕ್ಕರೆ ಹಾಕಿ ಕಲಸುದು ಬೇಡ.

ತೆಂಗಿನಕಾಯಿ ಬಿಡ್ಬೇಕಾ ಅಂತ ಎಲ್ರೂ ಕೇಳುದು. ಬಿಡುದು ಬೇಡ, ಅರ್ಧ ಕಾಯಿ ಹಾಕುವಲ್ಲಿ ಕಾಲು ಕಾಯಿ ಹಾಕಿ, ಎಣ್ಣೆ ಬಗ್ಗಿಸುವಾಗ ಬಾಟ್ಲಿ ಬಿಟ್ಟು ಚಮಚ ಹಿಡೀರಿ. ಪಿಸಿಓಎಸ್ ಇದ್ದವ್ರು ಕೊಲೆಸ್ಟ್ರಾಲ್ ಕೂಡ ನೋಡಿಕೊಳ್ಬೇಕು, ಅದಕ್ಕೆ.

ಚಾದ ಲೆಕ್ಕ ಒಮ್ಮೆ ಹಾಕಿ. ದಿನಕ್ಕೆ ಐದು ಚಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ, ಹತ್ತು ಚಮಚ, ಅಂದ್ರೆ 40 ಗ್ರಾಮ್ ಮೇಲೆ ಹೋಯ್ತು, ಇನ್ನೂ ಪಳಂಪೊರಿ, ಗೋಳಿಬಜೆ, ಬೇಕರಿ ಪಫ್ಸ್ ಲೆಕ್ಕಕ್ಕೆ ಬಂದೇ ಇಲ್ಲ. ನಾನು ವಾರಕ್ಕೆ ಅರ್ಧ ಚಮಚ ಹಾಗೆ ಕಮ್ಮಿ ಮಾಡಿದ್ದು, ಈಗ ಸಕ್ಕರೆ ಹಾಕಿದ ಚಾ ಪಾಯಸದ ಹಾಗೆ ಆಗ್ತದೆ. ಬೆಲ್ಲ ಹಾಕ್ತೇವೆ, ತೆಂಗಿನ ಸಕ್ಕರೆ ಹಾಕ್ತೇವೆ ಅಂತ ಸಮಾಧಾನ ಮಾಡಿಕೊಳ್ಬೇಡಿ. ನಮ್ಮೂರಿನ ತೆಂಗು ಅಡಿಕೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವ್ರು ಕಲ್ಪರಸ (ತೆಂಗಿನ ಹೊಂಬಾಳೆಯಿಂದ ಇಳಿಸುವ ಸಿಹಿ ರಸ), ತೆಂಗಿನ ಸಕ್ಕರೆ ಮಾಡುದು ಕಲಿಸಿದ್ದು ಕೃಷಿಕರಿಗೆ ಒಳ್ಳೇದೇ, ಆದ್ರೆ ಮೈಗೆ ಹೋದ ಮೇಲೆ ಅದೂ ಸಕ್ಕರೆಯೇ. ಹಲಸಿನ ಹಣ್ಣಿನ ಸೀಸನ್ನಲ್ಲಿ ನಾಲ್ಕು ಸೊಳೆ ತಿಂದು ಏಳಿ, ಹಲಸಿನ ಬುಡದಲ್ಲೇ ಕೂತ್ರೆ ಕಷ್ಟ.

ಹಾಲು ಬಿಡಿ, ಗೋಧಿ ಬಿಡಿ, ಬೀಜಗಳನ್ನು ಮುಟ್ಟಿನ ದಿನಗಳ ಲೆಕ್ಕದಲ್ಲಿ ತಿನ್ನಿ ಅಂತ ರೀಲ್ಸ್ ಬರ್ತಾ ಇರ್ತದೆ. 2023ರಲ್ಲಿ ಪರಿಷ್ಕಾರ ಆದ ಅಂತಾರಾಷ್ಟ್ರೀಯ ಗೈಡ್‌ಲೈನ್ ಹೇಳುದು, ಪಿಸಿಓಎಸ್‌ಗೆ ಇದೇ ಡಯಟ್ ಶ್ರೇಷ್ಠ ಅಂತ ಯಾವುದೂ ಇಲ್ಲ, ನಿಮಗೆ ಮುಂದುವರಿಸಲಿಕ್ಕೆ ಆಗುವ ಒಳ್ಳೆ ಊಟ ಯಾವುದಾದ್ರೂ ಸಾಕು ಅಂತ. ನನಗಂತೂ ಅದನ್ನು ಓದಿದ ದಿನ ಗಂಜಿ ಎರಡು ಪಟ್ಟು ರುಚಿ ಅನ್ಸಿತು, ಬಟ್ಲು ಮಾತ್ರ ಸಣ್ಣದೇ.

ವ್ಯಾಯಾಮಕ್ಕೆ ಬನ್ನಿ. ದಿನಾ ಅಂಗಳ ಗುಡಿಸ್ತೇನೆ, ಅಡಿಕೆ ಹೆಕ್ತೇನೆ, ಮತ್ತೆ ಎಂತ ವ್ಯಾಯಾಮ ಅಂತ ನಾನೂ ಕೇಳಿದವ್ಳೇ. ಅದೂ ಲೆಕ್ಕಕ್ಕೆ ಉಂಟು, ಆದ್ರೆ ಉಸಿರು ಏರ್ಬೇಕು. ನಡೀತಾ ಮಾತಾಡ್ಲಿಕ್ಕೆ ಆಗ್ಬೇಕು, ಪದ್ಯ ಹೇಳ್ಲಿಕ್ಕೆ ಆಗ್ಬಾರ್ದು, ಅಷ್ಟು ಜೋರು. ಹಾಗೆ ವಾರಕ್ಕೆ ಕಡಿಮೆ ಅಂದ್ರೂ 150 ನಿಮಿಷ, ತೂಕ ಇಳಿಸ್ಬೇಕಾದ್ರೆ 250ರ ಹತ್ರ ತಲುಪಿಸಿ. ಒಟ್ಟಿಗೆ ಆಗ್ದಿದ್ರೆ ಊಟ ಆದ ಮೇಲೆ ಹದಿನೈದು ಹದಿನೈದು ನಿಮಿಷ ನಡೀರಿ, ಉಂಡು ಕೂಡ್ಲೇ ಮಲಗುದಕ್ಕಿಂತ ಸಕ್ಕರೆಗೆ ಅದು ಎಷ್ಟೋ ಒಳ್ಳೇದು. ನಮ್ಮಲ್ಲಿ ಅರ್ಧ ಮನೆಗಳು ಗುಡ್ಡೆಯ ಮೇಲೆ ಇರುದು, ಬಸ್ ಸ್ಟಾಪಿನಿಂದ ಮನೆಗೆ ಏರು ಹತ್ತುದೇ ಜಿಮ್ಮು, ಆಟೋದವ್ರನ್ನು ವಾರಕ್ಕೆ ಮೂರು ದಿನ ಬಿಟ್ಟುಬಿಡಿ. ಭಾನುವಾರ ಬೇಕಲದ ಕಡಲ ಮರಳಲ್ಲಿ ನಡೀರಿ, ಇಲ್ಲ ಪೊಸಡಿಗುಂಪೆ ಗುಡ್ಡ ಹತ್ತಿ.

ಎರಡನೇದ್ದು ಸ್ನಾಯು. ಇದನ್ನು ಹೆಂಗಸ್ರು ಬಿಟ್ಟೇ ಬಿಡ್ತಾರೆ, ನನ್ನ ಪ್ರಕಾರ ಅರ್ಧ ಲಾಭ ಇಲ್ಲೇ ಉಂಟು, ರಕ್ತದ ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುದು ಸ್ನಾಯುವೇ. ವಾರಕ್ಕೆ ಎರಡು ದಿನ, ಮಧ್ಯ ಒಂದು ದಿನವಾದ್ರೂ ಬಿಟ್ಟು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತ್ಕೊಳ್ಳಿ, ಗೋಡೆಗೆ ಕೈ ಕೊಟ್ಟು ಹತ್ತು ಪುಶ್‌ಅಪ್, ಒಂದು ಲೀಟರಿನ ನೀರಿನ ಬಾಟ್ಲಿ ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಹತ್ತು ಸಲ, ಇಷ್ಟನ್ನು ಮೂರು ಸುತ್ತು. ಜೂನ್‌ನಿಂದ ಮಳೆ ಹಿಡಿದ್ರೆ ನಡಿಗೆ ನಿಲ್ತದೆ, ಆಗ ಇದೇ ಆಧಾರ, ಜೊತೆಗೆ ಜಗಲಿಯ ಮೆಟ್ಲು ಹತ್ತಿ ಇಳೀರಿ. ಜಾರ್ತದೆ, ಚಪ್ಪಲಿ ಸರಿ ನೋಡಿಕೊಳ್ಳಿ.

ನಿದ್ದೆ ಕೆಟ್ರೆ ಹಸಿವೆ ಜಾಸ್ತಿ ಆಗ್ತದೆ, ಅಷ್ಟೇ ಹೇಳ್ತೇನೆ, ಮೊಬೈಲ್ ಬಗ್ಗೆ ನನಗೆ ಬುದ್ಧಿ ಹೇಳುವ ಯೋಗ್ಯತೆ ಇಲ್ಲ.

ತೂಕದ ಮಷಿನ್ ದಿನಾ ಹತ್ಬೇಡಿ. ಟೈಲರಿನ ಟೇಪ್ ತಗೊಂಡು ತಿಂಗಳಿಗೊಮ್ಮೆ ಸೊಂಟ ಅಳೆಯಿರಿ, ನಮ್ಮ ಹೆಂಗಸ್ರಿಗೆ 80 ಸೆಂಟಿಮೀಟರ್ ದಾಟಿದ್ರೆ ಎಚ್ಚರ ಅಂತ ಲೆಕ್ಕ. ಮುಟ್ಟಿನ ತಾರೀಕು ಕ್ಯಾಲೆಂಡರಿನಲ್ಲಿ ಬರೆದಿಡಿ. ಮೂರು ತಿಂಗಳಾದ್ರೂ ಕೊಡಿ, ಎರಡು ವಾರಕ್ಕೆ ಎಂತ ಗೊತ್ತಾಗುದಿಲ್ಲ.

ಡಾಕ್ಟ್ರ ಹತ್ರ ಹೋಗುವಾಗ ಆ ಕ್ಯಾಲೆಂಡರ್ ತಗೊಂಡು ಹೋಗಿ. 90 ದಿನ ದಾಟಿದ್ರೂ ಮುಟ್ಟಾಗದಿದ್ರೆ ಊಟದಲ್ಲೇ ಸರಿ ಮಾಡ್ತೇನೆ ಅಂತ ಕೂತ್ಕೊಳ್ಬೇಡಿ, ಗರ್ಭಕೋಶದ ಒಳಪದರ ದಪ್ಪ ಆಗ್ತಾ ಹೋಗ್ತದೆ, ತೋರಿಸ್ಲೇಬೇಕು. ಥೈರಾಯ್ಡ್, ಶುಗರ್, ಕೊಲೆಸ್ಟ್ರಾಲ್ ಟೆಸ್ಟ್ ಕೇಳಿ ಮಾಡಿಸಿಕೊಳ್ಳಿ. ಇನ್ಸುಲಿನ್ ಮಾತು ಮೈ ಕೇಳ್ಲಿ ಅಂತ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಲೆ ತಗೊಳ್ತಾ ಇದ್ರೆ ವಿಟಮಿನ್ ಬಿ12 ಟೆಸ್ಟ್ ಕೂಡ, ಮಾತ್ರೆ ನೀವೇ ನಿಲ್ಲಿಸ್ಬೇಡಿ. ಇನ್ನೊಂದು, ತೂಕ ಇಳಿದು ಮುಟ್ಟು ಸರಿ ಆಗ್ತಾ ಬಂದ್ರೆ ಅಂಡ ಬಿಡುಗಡೆಯೂ ಶುರು ಆಗ್ತದೆ, ನನಗೆ ಪಿಸಿಓಎಸ್ ಅಲ್ವಾ ಮಕ್ಕಳಾಗುದಿಲ್ಲ ಅಂತ ಸುಮ್ಮನಿದ್ದವ್ರು ಬಸಿರಾದದ್ದುಂಟು. ಸದ್ಯ ಮಗು ಬೇಡ ಅಂತಿದ್ರೆ ಅದಕ್ಕೆ ಎಂತ ಮಾಡ್ಬೇಕು ಅಂತಲೂ ಅವತ್ತೇ ಕೇಳಿ ಬನ್ನಿ, ನಾಚಿಕೆ ಆದ್ರೆ ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಇಡಿ, ನಾನು ಹಾಗೇ ಮಾಡಿದ್ದು.